ಗೋಡೆಯಿಂದ ನಾಲ್ಕು ಬೆರಳು

ತೀರ್ಥಹಳ್ಳಿಯ ಅಂಚಿನಲ್ಲಿ, 20 ಅಡಿ ಅಗಲ 30 ಅಡಿ ಉದ್ದದ ನಿವೇಶನದಲ್ಲಿ ಕಟ್ಟಿಸಿದ ಮನೆಗೆ ನಾವು ಒಕ್ಕಲು ಬಂದು ಮೂರು ಮಳೆಗಾಲ ಕಳೆದಿವೆ. ವರ್ಷದ ಲೆಕ್ಕ ಬಿಟ್ಟು ಮಳೆಗಾಲದ ಲೆಕ್ಕ ಹೇಳುವುದಕ್ಕೆ ಕಾರಣವಿದೆ. ಈ ಮನೆಯೊಳಗೆ ಯಾವ ಸಾಮಾನು ಉಳಿಯಬೇಕು, ಯಾವುದು ಹೊರಹೋಗಬೇಕು ಎಂಬುದನ್ನು ತೀರ್ಮಾನಿಸಿದ್ದು ನಾನಾಗಲಿ ನನ್ನ ಹೆಂಡತಿಯಾಗಲಿ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು. ನಮ್ಮ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಪೇಟೆಗೆ ಅಷ್ಟು ಬೀಳದಿದ್ದರೂ ಆಷಾಢದಲ್ಲಿ ಬೆಂಕಿಕಡ್ಡಿ ಗೀರಿದರೆ ಹತ್ತದಷ್ಟು ಥಂಡಿ ಇಲ್ಲಿಯೂ ಇರುತ್ತದೆ.

ಮೊದಲ ವರ್ಷ ನಾವು ಮಾಡಿದ ತಪ್ಪು ಬಟ್ಟೆ ಕಪಾಟಿನದು. ಶಿವಮೊಗ್ಗಕ್ಕೆ ಹೋಗಿ, ಅಂಗಡಿಯೊಂದರ ಹವಾನಿಯಂತ್ರಿತ ಮಳಿಗೆಯಲ್ಲಿ ಕನ್ನಡಿ ಕೂರಿಸಿದ ಮೂರು ಬಾಗಿಲಿನ ಬಿಳಿ ಕಪಾಟನ್ನು ಮೆಚ್ಚಿ, ಬಾಡಿಗೆ ಗಾಡಿಯಲ್ಲಿ 60 ಕಿಲೋಮೀಟರ್ ಹೊರಿಸಿಕೊಂಡು ಬಂದೆವು. ಕೋಣೆ ಚಿಕ್ಕದೆಂದು ಒಂದಂಗುಲವನ್ನೂ ಬಿಡದೆ ಪಶ್ಚಿಮದ ಗೋಡೆಗೆ ಒತ್ತಿ ನಿಲ್ಲಿಸಿದೆವು. ಶ್ರಾವಣದ ಪೂಜೆಗೆಂದು ನನ್ನ ಹೆಂಡತಿ ರೇಷ್ಮೆ ಸೀರೆ ತೆಗೆಯುವ ಹೊತ್ತಿಗೆ ಸೀರೆಯ ಮಡಿಕೆಗಳ ಮೇಲೆ ಬೂಷ್ಟು ಬಿಳಿ ಚುಕ್ಕಿಯಾಗಿ ಕೂತಿತ್ತು. ಕಪಾಟಿನ ಬುಡ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದಂತೆ ಊದಿಕೊಂಡಿತ್ತು. ಅಂಚಿನ ಪಟ್ಟಿ ಕಿತ್ತುಬಂದು ಬಾಗಿಲುಗಳು ಒಂದರ ಮೇಲೊಂದು ಏರಿದ್ದವು. ಅಂಗಡಿಯವರಿಗೆ ಫೋನು ಮಾಡಿದರೆ ನೀರು ತಾಗಿದ್ದಕ್ಕೆ ವಾರಂಟಿ ಇಲ್ಲವೆಂಬ ಉತ್ತರ ಬಂತು. ನೀರು ತಾಗಿರಲಿಲ್ಲ, ಗಾಳಿ ತಾಗಿತ್ತು ಅಷ್ಟೆ ಎಂದು ನಾನು ವಾದಿಸಿದ್ದು ವ್ಯರ್ಥವಾಯಿತು.

ಆ ಕಪಾಟು ಪಾರ್ಟಿಕಲ್ ಬೋರ್ಡಿನದು, ಎಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಮೇಲಿನ ಹೊಳಪಿನ ಹಾಳೆ ತೇವವನ್ನು ತಡೆಯುತ್ತದೆ. ಕತ್ತರಿಸಿದ ಅಂಚು, ಮೊಳೆಯ ತೂತು, ನೆಲಕ್ಕೆ ತಾಗುವ ಬುಡ ಇವು ತಡೆಯುವುದಿಲ್ಲ. ಒಮ್ಮೆ ತೇವ ಹೀರಿ ಊದಿಕೊಂಡ ಚೂರುಗಳು ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಮರದ ನಾರನ್ನು ಒತ್ತಿ ಮಾಡುವ ಎಂಡಿಎಫ್ ನೋಡಲು ನಯವಾಗಿದ್ದರೂ ಅದರ ಹಣೆಬರಹವೂ ಹೆಚ್ಚುಕಡಿಮೆ ಇದೇ.

ಕಪಾಟನ್ನು ರಿಪೇರಿ ಮಾಡಲು ಸಾಧ್ಯವೇ ಎಂದು ನೋಡಲು ಬಂದ ಆಚಾರ್ರು ಅದರ ಬಾಗಿಲನ್ನು ತೆರೆಯಲೂ ಇಲ್ಲ. ಹಿಂದೆ ಕೈ ತೂರಿಸಿ, ಬೆರಳಿಗಂಟಿದ ಕಪ್ಪು ಪುಡಿಯನ್ನು ತೋರಿಸಿ, "ಮೇಷ್ಟ್ರೇ, ಬೆನ್ನಿಗೂ ಉಸ್ರಾಡ್ಲಿಕ್ಕೆ ಜಾಗ ಬೇಕಲ್ಲ, ನಾಲ್ಕು ಬೆರಳಾದ್ರೂ ಬಿಡಿ" ಎಂದರು. ಮುಂಗಾರಿನ ಗಾಳಿ ಇಲ್ಲಿಗೆ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ; ಎರಚಲು ಹೊಡೆಯುವುದು ಆ ಬದಿಯ ಗೋಡೆಗಳಿಗೇ. ನೆನೆದ ಗೋಡೆ ಕೋಣೆಯ ಗಾಳಿಗಿಂತ ತಣ್ಣಗಿರುತ್ತದೆ, ಅದಕ್ಕೆ ಒತ್ತಿಕೊಂಡ ಸಾಮಾನಿನ ಹಿಂದೆ ಗಾಳಿ ಅಲುಗಾಡದೆ ನಿಲ್ಲುತ್ತದೆ, ಅಲ್ಲಿನ ತೇವಾಂಶ ವಾರಗಟ್ಟಲೆ ಶೇಕಡಾ 80ರ ಮೇಲೆಯೇ ಉಳಿಯುತ್ತದೆ. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ತವರು ಬೇಕಿಲ್ಲ. ಹೊಸ ಕಪಾಟು ಪೂರ್ವದ ಒಳಗೋಡೆಗೆ ಬಂತು, ಗೋಡೆಯಿಂದ ನಾಲ್ಕು ಬೆರಳು ದೂರ, ನೆಲದಿಂದ ಒಂದು ಗೇಣು ಮೇಲೆ. ಹತ್ತಡಿಯ ಕೋಣೆಯಲ್ಲಿ ಮೂರಂಗುಲ ಕಳೆದುಕೊಳ್ಳುವುದು ಹೊಟ್ಟೆಗೆ ಸಂಕಟವೇ, ಆದರೂ ಕಳೆದುಕೊಂಡೆವು.

ಈ ಮಾತು ಹೊಸದೇನಲ್ಲವೆಂದು ಹೊಳೆದದ್ದು ಊರಿನ ಹಳೆಯ ಮನೆಗೆ ಹೋದಾಗ. ಅಲ್ಲಿ ಗೋಡೆಗೆ ತಾಗಿ ನಿಂತ ಸಾಮಾನು ಒಂದೂ ಇಲ್ಲ. ಬಟ್ಟೆ ಗೂಟದ ಮೇಲೆ, ಹಾಸಿಗೆ ಸುರುಳಿ ನಾಗಂದಿಗೆಯ ಮೇಲೆ, ಹಾಲು ಮೊಸರು ನೆಲುವಿನಲ್ಲಿ, ಉಪ್ಪಿನಕಾಯಿ ಜಾಡಿ ಒಲೆಯ ಬಿಸಿ ತಾಗುವ ಅಟ್ಟದ ಮೇಲೆ. ಅಜ್ಜನ ಬೀಟೆಯ ಪೆಟ್ಟಿಗೆಗೆ ನಾಲ್ಕು ಗಿಡ್ಡ ಕಾಲುಗಳು. ಆ ಕಾಲುಗಳನ್ನು ಅಲಂಕಾರವೆಂದೇ ನಾನು ಇಷ್ಟು ದಿನ ತಿಳಿದಿದ್ದೆ. ಪೆಟ್ಟಿಗೆ ಈಗ ನಮ್ಮ ಹಜಾರದಲ್ಲಿದೆ. ಮೇಲೊಂದು ತೆಳುವಾದ ಹಾಸು ಹಾಕಿದ್ದರಿಂದ ಬಂದವರಿಗೆ ಕೂರುವ ಜಾಗವೂ ಆಗಿ, ಸೋಫಾ ಕೊಳ್ಳುವ ಖರ್ಚು ತಪ್ಪಿತು. ಅದೇ ಮನೆಯ ಕಂಬದ ಮಂಚವನ್ನೂ ತರಬೇಕೆಂಬ ಆಸೆ ಮಾತ್ರ ಕೋಣೆಯ 2 ಅಡಿ 9 ಅಂಗುಲದ ಬಾಗಿಲಿನ ಎದುರು ನಿಂತುಹೋಯಿತು. ಬಾಗಿಲ ದಾರಂದದ ಅಳತೆಯನ್ನು ಮೊದಲು ಬರೆದುಕೊಳ್ಳದೆ ಯಾರೂ ಮಂಚದ ಮಾತೆತ್ತಬಾರದು.

ಮರದ ಆಯ್ಕೆಯಲ್ಲಿ ನಮಗೆ ಬಹಳ ದಿನ ಹಿಡಿಯಿತು. ಸಾಗುವಾನಿಯ ಬೆಲೆ ಕೇಳಿಯೇ ಸುಮ್ಮನಾದೆವು. ಬೀಟೆಯಂತೂ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಡುವ ಮರ. ಕಡೆಗೆ ಒಪ್ಪಿಗೆಯಾದದ್ದು ಹಲಸು. ಹೊಸದರಲ್ಲಿ ಅರಿಶಿನದಂತೆ ಹಳದಿಯಾಗಿರುವ ಅದರ ಹಲಗೆ ಬೆಳಕು ಕಂಡಂತೆಲ್ಲ ಕಂದು ಕೆಂಪಿಗೆ ತಿರುಗುತ್ತದೆ. ಚೇಗು, ಎಂದರೆ ಒಳಗಿನ ಗಟ್ಟಿ ತಿರುಳು, ಬಲಿತ ಮರವಾದರೆ ಗೆದ್ದಲಿಗೂ ತಕ್ಕಮಟ್ಟಿಗೆ ಬಗ್ಗುವುದಿಲ್ಲ. ಕುಟ್ಟೆ ಹುಳು ಹಿಡಿಯುವುದು ಹೆಚ್ಚಾಗಿ ಚೇಗಿನ ಹೊರಗಿನ ಬಿಳಿ ಭಾಗಕ್ಕೆ. ಹಲಗೆ ಆರಿಸುವಾಗ ಅಂಚಿನಲ್ಲಿ ಆ ಬಿಳಿ ಪಟ್ಟಿ ಉಳಿದಿದ್ದರೆ ಅದನ್ನು ಕೊಯ್ಸಿ ತೆಗೆಸಲೇಬೇಕು. ಮಾರುವವರಿಗೆ ಅದು ಅಳತೆಯ ನಷ್ಟ, ಉಳಿಸಿಕೊಂಡರೆ ನಮಗೆ ಮುಂದೆ ರಾತ್ರಿಯಿಡೀ ಕೇಳಿಸುವ ಕಿರುಕುರು ಸದ್ದು.

ಕೊಯ್ದ ಹಲಗೆ ಒಣಗಬೇಕಾದ ಕಾಲಕ್ಕೆ ಒಂದಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಸ್ಥೂಲ ಲೆಕ್ಕವಿದೆ. ಅದನ್ನು ಕಾದವರಿಗೂ ಇನ್ನೊಂದು ತೊಡಕು ಉಳಿಯುತ್ತದೆ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಗಾಳಿಯ ತೇವಾಂಶ ಶೇಕಡಾ 40 ಇರುವ ಬೇಸಿಗೆಯಲ್ಲಿ ಮರದೊಳಗಿನ ತೇವ ಅದರ ಒಣತೂಕದ ಶೇಕಡಾ 8ರ ಆಸುಪಾಸಿನಲ್ಲಿದ್ದರೆ, ತೇವಾಂಶ ಶೇಕಡಾ 80ಕ್ಕೇರುವ ಮಳೆಗಾಲದಲ್ಲಿ 16ರ ಹತ್ತಿರ ಹೋಗುತ್ತದೆ. ಅಷ್ಟಕ್ಕೆ ಒಂದಡಿ ಅಗಲದ ಹಲಗೆ ಮೂರು ನಾಲ್ಕು ಮಿಲಿಮೀಟರ್ ಬೆಳೆಯಬಹುದು. ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂರಿಸಿದ ಡ್ರಾಯರು ಜುಲೈಯಲ್ಲಿ ಎಳೆದರೆ ಬರುವುದಿಲ್ಲ. ಸಿಟ್ಟಿನಿಂದ ಜುಲೈಯಲ್ಲಿ ಉಜ್ಜಿ ಸಡಿಲ ಮಾಡಿಸಿದರೆ ಮಾರ್ಚ್‌ನಲ್ಲಿ ಜಿರಳೆ ನುಗ್ಗುವಷ್ಟು ಸಂದಿಯಾಗುತ್ತದೆ. ಇದಕ್ಕೆ ಹಳೆಯ ಕಸುಬಿನವರು ಕಂಡುಕೊಂಡ ದಾರಿ ಚೌಕಟ್ಟಿನ ಬಾಗಿಲು: ಕಿರಿದಾದ ನಾಲ್ಕು ಪಟ್ಟಿಗಳ ಚೌಕಟ್ಟಿನೊಳಗೆ ಸಂದು ಕೊರೆದು, ನಡುವಿನ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸುತ್ತಾರೆ, ಹಲಗೆ ಒಳಗೊಳಗೇ ಹಿಗ್ಗಿ ಕುಗ್ಗುತ್ತದೆ, ಬಾಗಿಲಿನ ಹೊರ ಅಳತೆ ಹೆಚ್ಚು ಬದಲಾಗುವುದಿಲ್ಲ. ನಮ್ಮ ಹೊಸ ಕಪಾಟಿನ ಬಾಗಿಲುಗಳು ಹಾಗೆಯೇ ಇವೆ.

ಎಲ್ಲವನ್ನೂ ಗಟ್ಟಿಮರದಲ್ಲಿ ಮಾಡಿಸುವ ಶಕ್ತಿ ನಮಗಿರಲಿಲ್ಲವಾದ್ದರಿಂದ ಕಪಾಟಿನ ಮೈ, ಅಡುಗೆಮನೆಯ ಖಾನೆಗಳು ಪ್ಲೈವುಡ್ಡಿನವು. ಪ್ಲೈವುಡ್ ಕೊಳ್ಳುವಾಗ ಅಂಗಡಿಯವರು ಎಲ್ಲವನ್ನೂ ವಾಟರ್‌ಪ್ರೂಫ್ ಎಂದೇ ಕರೆಯುತ್ತಾರೆ. ಹಲಗೆಯ ಮೇಲಿನ ಮುದ್ರೆಯನ್ನು ಓದಬೇಕು. ಎಂಆರ್ ಎಂದಿದ್ದರೆ ಅದು ಸಾಧಾರಣ ತೇವವನ್ನು ತಾಳುವ ಮಾಲು, ಯೂರಿಯಾ ಅಂಟಿನದು. ಬಿಡಬ್ಲ್ಯೂಪಿ (ಕುದಿಯುವ ನೀರನ್ನೂ ತಾಳುವಂಥದು), ಐಎಸ್ 710 (ಅದರ ಭಾರತೀಯ ಮಾನಕದ ಸಂಖ್ಯೆ) ಎಂದಿದ್ದರೆ ಫೀನಾಲ್ ಅಂಟಿನದು. ಅದರ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪದರ ಬಿಡುವುದೇ ಎಂದು ಪರೀಕ್ಷಿಸುವ ಕ್ರಮವಿದೆ. 8x4 ಅಡಿಯ ಹಾಳೆಗೆ ಎರಡರ ನಡುವಿನ ಬೆಲೆಯ ಅಂತರ ಸಣ್ಣದಲ್ಲ. ಹಾಗಾಗಿ ನಾವು ಸಿಂಕಿನ ಕೆಳಗೆ, ಬುಡದಲ್ಲಿ, ಹೊರಗೋಡೆಯ ಬದಿಯಲ್ಲಿ ಎರಡನೆಯದನ್ನೂ ಮೇಲಿನ ಒಣ ಖಾನೆಗಳಿಗೆ ಮೊದಲನೆಯದನ್ನೂ ಹಾಕಿಸಿ, ಕೊಯ್ದ ಪ್ರತಿ ಅಂಚಿಗೂ ಪಟ್ಟಿ ಅಂಟಿಸಿದೆವು. ಕಣ್ಣಿಗೆ ಕಾಣದ ಬೆನ್ನಿನ ಅಂಚಿಗೂ ಅಂಟಿಸಿ ಎಂದಾಗ ಕೆಲಸದ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ.

ಮೇಷ್ಟರ ಮನೆಯಲ್ಲಿ ಸೀಮೆಸುಣ್ಣಕ್ಕೆ ಬರವಿಲ್ಲ. ಎರಡನೆಯ ಸುತ್ತಿನ ಖರೀದಿಗೆ ಮುನ್ನ ಪ್ರತಿಯೊಂದು ಸಾಮಾನಿನ ಗಡಿಯನ್ನು ನೆಲದ ಮೇಲೆ ಬರೆದೆವು. ಮುಚ್ಚಿದ ಸ್ಥಿತಿಯದು ಒಂದು ಗೆರೆ, ಬಾಗಿಲು ತೆರೆದಾಗ, ಡ್ರಾಯರು ಎಳೆದಾಗ, ಕುರ್ಚಿ ಹಿಂದೆ ಸರಿಸಿದಾಗ ಹಿಡಿಯುವ ಜಾಗದ್ದು ಇನ್ನೊಂದು. ಎರಡಡಿ ಆಳದ ಕಪಾಟು ಬಾಗಿಲು ತೆರೆದರೆ ನಾಲ್ಕಡಿಯ ಸಾಮಾನಾಗುತ್ತದೆ. ಹತ್ತಡಿಯ ಕೋಣೆಯಲ್ಲಿ ಆರಡಿ ಅಗಲದ ಮಂಚ ಹಾಕಿದರೆ ಕಪಾಟಿನ ಮುಂದೆ ನಿಲ್ಲಲು ಜಾಗವಿಲ್ಲವೆಂದು ಗೆರೆಗಳೇ ಹೇಳಿದವು, ಐದಡಿಗೆ ಇಳಿಸಿದೆವು. ಒಳಗೆ ಸಾಮಾನು ತುಂಬುವ ಪೆಟ್ಟಿಗೆ ಮಂಚವನ್ನು ಚಿಕ್ಕ ಮನೆಗೆ ಎಲ್ಲರೂ ಶಿಫಾರಸು ಮಾಡುತ್ತಾರೆ. ಘಟ್ಟದ ಕೆಳಗೂ ಮೇಲೂ ಮಳೆ ಕಂಡವರು ಅದನ್ನು ಹೇಗೆ ಒಪ್ಪುತ್ತಾರೋ ನನಗೆ ತಿಳಿಯದು. ಗಾಳಿಯಾಡದ ಆ ಹೊಟ್ಟೆಯೊಳಗೆ ಕಂಬಳಿಗಳು ಏನಾಗುತ್ತವೆ ಎಂಬುದನ್ನು ಭಾವನ ಮನೆಯಲ್ಲಿ ಮೂಗಿನಿಂದಲೇ ತಿಳಿದಿದ್ದೇನೆ. ನಮ್ಮ ಮಂಚಗಳಿಗೆ ಹಲಗೆಯ ಹಾಸಿನ ಬದಲು ಎರಡಂಗುಲ ಬಿಟ್ಟುಬಿಟ್ಟು ಜೋಡಿಸಿದ ಪಟ್ಟಿಗಳಿವೆ. ನಾರಿನ ಹಾಸಿಗೆಯ ಅಡಿಗೆ ಗಾಳಿ ಬರುತ್ತದೆ, ಮಂಚದ ಕೆಳಗೆ ಪೊರಕೆಯೂ ಹೋಗುತ್ತದೆ. ಅಮ್ಮನ ಮಂಚವನ್ನು ಮಾತ್ರ ಹಾಸಿಗೆಯ ಮೇಲ್ಮೈ 18 ಅಂಗುಲಕ್ಕೆ ಬರುವಂತೆ ಎತ್ತರಿಸಿದೆವು. ಅವರ ಮಂಡಿಗೆ ಅದಕ್ಕಿಂತ ತಗ್ಗಿನಿಂದ ಏಳುವುದು ಶಿಕ್ಷೆ.

ಊಟದ ಮೇಜು ಗೋಡೆಗೆ ಕೀಲು ಹಾಕಿ ಮಡಚುವಂಥದು. ತಲೆಗೆ ಎರಡಡಿಯಂತೆ ಮೂವರಿಗೆ ಸಾಕು, ನೆಂಟರು ಬಂದರೆ ಚಾಪೆ ಹಾಸಿ ನೆಲದಲ್ಲಿ ಎಲೆ.

ಅಡುಗೆ ಕಟ್ಟೆಯ ಎತ್ತರದ ಬಗ್ಗೆ ಮೇಸ್ತ್ರಿಗೂ ಅಮ್ಮನಿಗೂ ಎರಡು ದಿನ ಮಾತು ನಡೆಯಿತು. ಎಲ್ಲ ಮನೆಗೂ 34 ಅಂಗುಲವೇ ಎಂದು ಅವರು, ನಾನು ನಿಂತರೆ ಬಾಣಲೆಯೊಳಗೆ ಇಣುಕಿ ನೋಡಬೇಕಾಗುತ್ತದೆ ಎಂದು ಇವರು. ನಿಂತವರ ಮೊಣಕೈಯಿಂದ ನಾಲ್ಕು ಅಂಗುಲ ಕೆಳಗೆ ಕಟ್ಟೆಯಿರಲಿ ಎಂಬ ಅಳತೆಯಂತೆ ಕಡೆಗೆ 32ಕ್ಕೆ ನಿಂತಿತು. ಕೂತು ಮೆಟ್ಟುಗತ್ತಿಯಲ್ಲಿ ಹೆಚ್ಚುವ ರೂಢಿ ಬಿಟ್ಟ ಮೇಲೆ ಕಟ್ಟೆಯೇ ಅಮ್ಮನ ಲೋಕ; ಅವರ ಮಾತೇ ನಡೆಯಬೇಕಿತ್ತು. ಪಾತ್ರೆ ಬುಟ್ಟಿ, ಕೀಲು, ಚಿಲಕಗಳಲ್ಲಿ 304 ಎಂಬ ದರ್ಜೆಯ ಸ್ಟೀಲನ್ನೇ ಕೇಳಿ ತಂದೆವು. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು, ಅಂಟಲಿಲ್ಲ ನೋಡಿ, ಇದು ಒಳ್ಳೆಯದೆಂದು ತೋರಿಸುವುದುಂಟು. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ 202 ದರ್ಜೆಗೂ ಅಯಸ್ಕಾಂತ ಸಾಧಾರಣವಾಗಿ ಅಂಟುವುದಿಲ್ಲ, ಆದರೆ ಥಂಡಿಯಲ್ಲಿ ತುಕ್ಕಿನ ಚುಕ್ಕಿ ಮೊದಲು ಏಳುವುದು ಅದಕ್ಕೇ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದು ಮೇಲು.

ಬಚ್ಚಲುಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಡೆಗೆ ತೂಗುವ ಕಮೋಡು ನೆಲ ತೊಳೆಯಲು ಅನುಕೂಲವೇನೋ ಹೌದು, ಆದರೆ ಅದರ ನೀರಿನ ತೊಟ್ಟಿ ಗೋಡೆಯೊಳಗೆ ಹೂತಿರುತ್ತದೆ. ಮಳೆಯ ಒದ್ದೆ ಯಾವುದು, ಸೋರಿಕೆಯ ಒದ್ದೆ ಯಾವುದು ಎಂದು ಇಲ್ಲಿ ಕಂಡುಹಿಡಿಯುವವರು ಯಾರು? ತೊಟ್ಟಿ ಕಣ್ಣಿಗೆ ಕಾಣುವ, ನೆಲದ ಮೇಲೆ ನಿಲ್ಲುವ ಕಮೋಡನ್ನೇ ತಂದು, ಪಕ್ಕಕ್ಕೆ ಅಮ್ಮನಿಗೊಂದು ಹಿಡಿಕೆ ಹಾಕಿಸಿದೆವು. ಸೋಲಾರ್ ಹೀಟರು ಆಷಾಢದಲ್ಲಿ ಹೆಸರಿಗಷ್ಟೆ. ಪಕ್ಕದಲ್ಲಿ ಗೀಸರು ಇದೆ, ಹಿತ್ತಲಿನಲ್ಲಿ ತಾಮ್ರದ ಹಂಡೆಯೂ ಇದೆ.

ನನಗೆ ಅತ್ಯಂತ ಸಮಾಧಾನ ಕೊಟ್ಟ ವಸ್ತು ಒಂದು ಗಳ. ಹಜಾರದಲ್ಲಿ ತೂಗುಮಂಚ ಹಾಕಬೇಕೆಂದು ತಾರಸಿ ಹಾಕುವಾಗಲೇ ಕಬ್ಬಿಣದ ಕೊಕ್ಕೆಗಳನ್ನು ಹೂಳಿಸಿದ್ದೆ. ಸೀಮೆಸುಣ್ಣದ ಗೆರೆ ಎಳೆದಾಗ ಅದು ತೂಗಿದರೆ ಹಿಂದಕ್ಕೆ ಟಿವಿಗೂ ಮುಂದಕ್ಕೆ ಅಡುಗೆಮನೆಯ ಬಾಗಿಲಿಗೂ ತಾಗುತ್ತದೆಂದು ಗೊತ್ತಾಯಿತು. ಎರಡು ವರ್ಷ ಆ ಕೊಕ್ಕೆಗಳು ನನ್ನನ್ನು ಅಣಕಿಸುತ್ತ ನೇತಾಡಿದವು. ಹೋದ ಮಳೆಗಾಲ ಅವುಗಳಿಗೆ ರಾಟೆ ಕಟ್ಟಿ, ಹಗ್ಗ ಪೋಣಿಸಿ, ಎಂಟಡಿಯ ಬಿದಿರಿನ ಗಳವನ್ನು ತೂಗುಹಾಕಿದೆ. ಒದ್ದೆ ಬಟ್ಟೆ ಹರವುವಾಗ ಅದು ಎದೆಮಟ್ಟಕ್ಕೆ ಇಳಿಯುತ್ತದೆ, ಹಗ್ಗ ಎಳೆದು ಕಿಟಕಿಯ ಸರಳಿಗೆ ಸುತ್ತಿದರೆ ತಾರಸಿಯ ಕೆಳಗೆ ಹೋಗಿ ನಿಲ್ಲುತ್ತದೆ. ಕೆಳಗೆ ನಾವು ಊಟ ಮಾಡುತ್ತೇವೆ, ನಾನು ಉತ್ತರಪತ್ರಿಕೆ ತಿದ್ದುತ್ತೇನೆ. ಪಕ್ಕದಲ್ಲಿ ತಿರುಗುವುದು ಬಿಎಲ್‌ಡಿಸಿ ಫ್ಯಾನು, ಎಂದರೆ ಬ್ರಶ್ ಇಲ್ಲದ ಡಿಸಿ ಮೋಟಾರಿನದು. ಹಳೆಯ ಫ್ಯಾನು 75 ವಾಟ್ ಎಳೆಯುತ್ತಿದ್ದಲ್ಲಿ ಇದು 30ರ ಸುತ್ತಮುತ್ತ ಎಳೆಯುವುದರಿಂದ ಕರೆಂಟು ಹೋದ ರಾತ್ರಿಯೂ ಇನ್ವರ್ಟರಿನ ಮೇಲೆ ಬಟ್ಟೆ ಒಣಗುತ್ತದೆ. ಗಳದ ಕೆಳಗೆ ಬಂದ ನೆಂಟರೊಬ್ಬರ ತಲೆಯ ಮೇಲೆ ಒಮ್ಮೆ ಕಾಲುಚೀಲ ಬಿದ್ದದ್ದು ಬೇರೆ ಮಾತು.

ಇನ್ನೂ ತೀರ್ಮಾನವಾಗದೆ ಉಳಿದಿರುವುದು ಜಗಲಿಯ ಕೊಡೆಗಳದ್ದು. ಮೂರು ಕೊಡೆ, ಎರಡು ರೈನ್‌ಕೋಟು, ನಾಲ್ಕು ಜೊತೆ ಚಪ್ಪಲಿಗೆ ಮೂರಡಿ ಜಾಗವಿದೆ. ಸದ್ಯಕ್ಕೆ ಗೋಡೆಗೆ ಹೊಡೆದ ಗೂಟಗಳಲ್ಲಿ ಕೊಡೆಗಳು ತಲೆಕೆಳಗಾಗಿ ತೂಗುತ್ತವೆ, ಕೆಳಗೆ ಹಳೆಯ ಎಣ್ಣೆ ಡಬ್ಬವನ್ನು ಸೀಳಿ ಮಾಡಿದ ತಗಡಿನ ತಟ್ಟೆಯಿದೆ. ಆಚಾರ್ರು ಹೊನ್ನೆಯ ತುಂಡೊಂದು ಉಳಿದಿದೆ, ದೀಪಾವಳಿಯ ಹೊತ್ತಿಗೆ ನೋಡೋಣ ಎಂದಿದ್ದಾರೆ.