ನೀಲ್ ದ್ವೀಪದ ತೋಟದ ಮನೆಯಲ್ಲಿ ಉಳಿಯುವವರಿಗೆ

ಅಂಡಮಾನ್ ಪ್ಯಾಕೇಜುಗಳಲ್ಲಿ ನೀಲ್ ದ್ವೀಪಕ್ಕೆ ಸಾಮಾನ್ಯವಾಗಿ ಸಿಗುವುದು ಒಂದು ರಾತ್ರಿ. ಅದು ಏನೇನೂ ಸಾಲದು. ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ, ಅದೂ ರೆಸಾರ್ಟಿನಲ್ಲಲ್ಲ, ಅಲ್ಲಿನವರ ಮನೆಯಲ್ಲಿ. 2018ರಲ್ಲಿ ದ್ವೀಪದ ಹೆಸರು ಶಹೀದ್ ದ್ವೀಪ ಎಂದಾಯಿತು, ಆದರೂ ಜನರ ಬಾಯಲ್ಲಿ ಇನ್ನೂ ನೀಲ್. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳ ಊರು ಇದು. ತರಕಾರಿ, ತೆಂಗು, ಅಡಕೆ ಬೆಳೆಯುವ ರೈತರು. ತೋಟದ ಅಂಚಿನಲ್ಲಿ ಎರಡು ಮೂರು ಕೋಣೆ ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ಒಂದು ಮಂಚ, ಸೊಳ್ಳೆ ಪರದೆ, ಫ್ಯಾನು, ಹಿಂದೆ ಬಚ್ಚಲು. ಇಷ್ಟಿದ್ದರೆ ಮುಗಿಯಿತು.

ನೀರಿನ ವಿಷಯ ಮೊದಲು. ನಮ್ಮ ಕೋಲಾರದವರಿಗೆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ, ಆದರೆ ಅಲ್ಲಿನ ಲೆಕ್ಕವೇ ಬೇರೆ. ನಮ್ಮಲ್ಲಿ ನೀರು ಬೀಳದಿದ್ದರೆ ಬೋರು ಇನ್ನೂ ಇನ್ನೂರು ಅಡಿ ಇಳಿಸುತ್ತೇವೆ. ಸಣ್ಣ ದ್ವೀಪದಲ್ಲಿ ಆಳಕ್ಕೆ ಹೋದಷ್ಟೂ ಉಪ್ಪು. ಮಳೆಯಿಂದ ಇಂಗಿದ ಸಿಹಿನೀರು ಹಗುರ, ಕಡಲ ನೀರು ಭಾರ. ಹಾಗಾಗಿ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಕ್ಕಿಂತ ಒಂದು ಅಡಿ ಮೇಲಿದ್ದರೆ, ಸಮುದ್ರಮಟ್ಟದ ಕೆಳಗೆ ಸುಮಾರು 40 ಅಡಿಯಷ್ಟು ಸಿಹಿನೀರು ಇರುತ್ತದೆ. ಎಳೆದೆಳೆದು ಆ ಒಂದಡಿ ಕಳೆದರೆ ಕೆಳಗಿನ ಉಪ್ಪು ಅಷ್ಟೂ ಮೇಲಕ್ಕೆ ಬರುತ್ತದೆ. ಒಮ್ಮೆ ಬಾವಿ ಉಪ್ಪಾದರೆ ಆ ಮನೆಯವರಿಗೆ ಕುಡಿಯಲೂ ಇಲ್ಲ, ತೋಟಕ್ಕೂ ಇಲ್ಲ.

ಅದಕ್ಕೇ ಕಡಲಿನಿಂದ ಬಂದವರು ಷವರ್ ಬಿಟ್ಟುಕೊಂಡು ಮರಳು ತೊಳೆಯಬಾರದು. ಮರಳು ಒಣಗಿದ ಮೇಲೆ ಟವೆಲಿನಿಂದ ಕೊಡವಿದರೆ ಮುಕ್ಕಾಲು ಪಾಲು ಉದುರುತ್ತದೆ. ಕಾಲಿಗೆ ಎರಡು ಮಗ್ಗು, ಸ್ನಾನಕ್ಕೆ ಒಂದು ಬಕೆಟ್ ಸಾಕು. ಈಜಿದ ಬಟ್ಟೆಯನ್ನು ಅರ್ಧ ಬಕೆಟ್ ಸಿಹಿನೀರಿನಲ್ಲಿ ಜಾಲಿಸಿಯೇ ಒಣಹಾಕಿ. ಉಪ್ಪು ಗಾಳಿಯ ತೇವ ಹೀರುತ್ತದೆ, ಜಾಲಿಸದ ಬಟ್ಟೆ ಮಧ್ಯಾಹ್ನ ಒಣಗಿ ರಾತ್ರಿ ಮತ್ತೆ ಒದ್ದೆಯಾಗುತ್ತದೆ.

ಹೊತ್ತಿನ ಲೆಕ್ಕವೂ ಬದಲಿಸಿಕೊಳ್ಳಬೇಕು. ಕೋಲಾರ 78 ಡಿಗ್ರಿ ರೇಖಾಂಶದಲ್ಲಿದೆ, ನೀಲ್ 93ರಲ್ಲಿ. ಹದಿನೈದು ಡಿಗ್ರಿಗೆ ಒಂದು ಗಂಟೆ. ಗಡಿಯಾರ ಎರಡೂ ಕಡೆ ಒಂದೇ, ಸೂರ್ಯ ಮಾತ್ರ ಅಲ್ಲಿ ಒಂದು ಗಂಟೆ ಮುಂದೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಹೊತ್ತು ಮುಳುಗುತ್ತದೆ. ಒಂಬತ್ತಕ್ಕೆ ತಿಂಡಿ ತಿಂದು ಹತ್ತಕ್ಕೆ ಹೊರಟರೆ ಅರ್ಧ ದಿನ ಹೋಯಿತೆಂದೇ ತಿಳಿಯಿರಿ. ಬೆಳಿಗ್ಗೆ ಐದೂವರೆಗೆ ಸೀತಾಪುರದ ದಡದಲ್ಲಿರಿ, ಅದು ಪೂರ್ವಕ್ಕಿದೆ. ಸಂಜೆಗೆ ಲಕ್ಷ್ಮಣಪುರ.

ಬೆಳಗಿನ ಹೊರತು ಉಳಿದ ಓಡಾಟವನ್ನೆಲ್ಲ ಉಬ್ಬರ ಇಳಿತ ನೋಡಿ ಇಟ್ಟುಕೊಳ್ಳಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಎರಡೂ ಜೋರು. ಲಕ್ಷ್ಮಣಪುರದಲ್ಲಿ ತಾನಾಗಿಯೇ ಮೂಡಿರುವ ಕಲ್ಲಿನ ಸೇತುವೆಯ ಹತ್ತಿರ ಹೋಗಲು ಇಳಿತವೇ ಬೇಕು, ಈಜಲು ಉಬ್ಬರ. ಇಳಿತದಲ್ಲಿ ಬಂಡೆ, ಹವಳ ಹೊರಬಿದ್ದು ಅಂಗಾಲು ಸೀಳುತ್ತವೆ. ಹವಾಯಿ ಚಪ್ಪಲಿ ಜಾರುತ್ತದೆ. ಹಿಂದೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ಹಾಕಿ. ಆ ದಿನದ ಹೊತ್ತು ಮನೆಯವರನ್ನು ಕೇಳಿದರೆ ಥಟ್ಟನೆ ಹೇಳುತ್ತಾರೆ.

ಮರಳು ನೊಣ ಸೊಳ್ಳೆಗಿಂತ ಕೆಟ್ಟದ್ದು. ಕಣ್ಣಿಗೆ ಬೀಳದಷ್ಟು ಚಿಕ್ಕದು, ಮುಂಜಾನೆ ಮತ್ತು ಮುಸ್ಸಂಜೆ ಕಚ್ಚುತ್ತದೆ, ತುರಿಕೆ ವಾರದವರೆಗೂ ಇರುತ್ತದೆ, ಕೆರೆದರೆ ಕೀವಾಗುತ್ತದೆ. ಆ ಹೊತ್ತಿನಲ್ಲಿ ಮರಳ ಮೇಲೆ ಮಲಗಬೇಡಿ, ಮೊಣಕಾಲಿನವರೆಗೆ ತೆಂಗಿನೆಣ್ಣೆ ದಪ್ಪಗೆ ಹಚ್ಚಿಕೊಳ್ಳಿ.

ಊಟ ಬಂಗಾಳಿ: ಅನ್ನ, ಬೇಳೆ, ಪಲ್ಯ, ಮೀನು. ರಾತ್ರಿಗೆ ಏನು ಬೇಕೆಂದು ಬೆಳಿಗ್ಗೆಯೇ ಹೇಳಬೇಕು, ಮೀನು ತರುವುದು ಆಗಲೇ. ಸಾಸಿವೆ ಎಣ್ಣೆ ಒಗ್ಗದವರು, ಸಸ್ಯಾಹಾರಿಗಳು ಕೋಣೆ ಹಿಡಿಯುವಾಗಲೇ ತಿಳಿಸಿ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು, ಮೀನೂ ಬೇಡ ಎನ್ನಿ. ಹಿಂದಿ ನಡೆಯುತ್ತದೆ. ಮುದ್ದೆ ಬಿಟ್ಟಿರಲಾರದ ಹಿರಿಯರಿದ್ದರೆ ಎರಡು ಕೆಜಿ ರಾಗಿ ಹಿಟ್ಟು ಒಯ್ಯಿರಿ, ಒಲೆ ಕೇಳಿದರೆ ಬೇಡ ಅನ್ನುವ ಮನೆ ಕಡಿಮೆ. ನಗದು ಇಟ್ಟುಕೊಂಡೇ ಹೋಗಿ. ನೆಟ್‌ವರ್ಕ್ ಕೈಕೊಟ್ಟರೆ ಫೋನಿನಲ್ಲಿ ದುಡ್ಡು ಹೋಗದು.

ದಾರಿ ಸುಲಭ. ಕೋಲಾರದಿಂದ ಎಚ್ ಕ್ರಾಸ್, ವಿಜಯಪುರದ ಮೇಲೆ ದೇವನಹಳ್ಳಿ, ಅಲ್ಲಿಂದ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆಗೆ ಪೋರ್ಟ್ ಬ್ಲೇರ್, ಅಂದರೆ 2024ರಿಂದ ಶ್ರೀ ವಿಜಯ ಪುರಂ. ಫೀನಿಕ್ಸ್ ಬೇ ಜೆಟ್ಟಿಯಿಂದ ಸರ್ಕಾರಿ ಹಡಗು ಸುಮಾರು ಎರಡು ಗಂಟೆ. ಗುರುತಿನ ಚೀಟಿ ಬೇಕು. ಹೊಟ್ಟೆ ತೊಳಸುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೂರಲಿ, ಓಲಾಟ ಅಲ್ಲಿ ಕಡಿಮೆ. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮೇ ತಿಂಗಳಿಂದ ನೈರುತ್ಯ ಮಳೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಚಂಡಮಾರುತದ ಭಯ. ಕಡಲು ಕೆರಳಿದರೆ ಹಡಗು ನಿಲ್ಲಿಸುತ್ತಾರೆ, ಯಾರ ಶಿಫಾರಸೂ ನಡೆಯದು. ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಬೇಕು. ಬೆಳಿಗ್ಗೆ ಹಡಗು, ಮಧ್ಯಾಹ್ನ ವಿಮಾನ ಎಂದು ಹೊಂದಿಸಿ ಟಿಕೆಟ್ ಕಳೆದುಕೊಳ್ಳಬೇಡಿ.

ಕೋಣೆ ಬಿಡುವ ಮುಂಚೆ ಮಕ್ಕಳ ಜೇಬು, ಚೀಲ ನೋಡಿ. ಸತ್ತ ಹವಳದ ತುಂಡು ಒಯ್ಯುವುದೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಖಾಲಿ ಚಿಪ್ಪು ಕೂಡ ಬೇಡ. ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ, ಬೆಳೆದಂತೆಲ್ಲ ದೊಡ್ಡದೊಂದನ್ನು ಹುಡುಕಿಕೊಂಡು ಅದೇ ದಡದಲ್ಲಿ ಅಲೆಯುತ್ತಿರುತ್ತದೆ.