ಬೇಸಿನ್ ಕೆಳಗಿನ ಬಿಳಿ ಪದರ

ಬೆಳಗ್ಗೆಯಿಂದ ವಾಶ್ ಬೇಸಿನ್ ನೀರು ಇಳೀತಾನೇ ಇರಲಿಲ್ಲ. ಕೆಳಗೆ ಬಕೆಟ್ ಇಟ್ಟು, ಬೇಸಿನ್ ಪೈಪಿಗೆ ಸೇರಿರೋ ಬಟ್ಟಲಿನಂಥ ಬಾಟಲ್ ಟ್ರ್ಯಾಪ್ ಬಿಚ್ಚಿದೆ.

ಕೂದಲು, ಸೋಪಿನ ಜಿಡ್ಡು. ಅದರ ಸುತ್ತ ಬಿಳೀ ಪದರ, ಉಗುರಲ್ಲಿ ಕೆರೆದ್ರೂ ಬರದಷ್ಟು ಗಟ್ಟಿ.

ನಮ್ಮ ಕೋಲಾರದ ಬೋರ್ ನೀರಿನ ಸುಣ್ಣ! ನಲ್ಲಿ ಬಾಯಿ, ಗೀಸರ್ ಕಾಯಿಲ್, ಪಾತ್ರೆ ತಳ, ಎಲ್ಲಾ ಕಡೆ ಇದೇ.

ಆಸಿಡ್ ಹಾಕೋಕೆ ಮನಸ್ಸಾಗಲಿಲ್ಲ, ನಲ್ಲಿಯ ಹೊಳಪೇ ಹೋಗುತ್ತೆ. ಹುಣಸೆಹಣ್ಣು ಕಿವುಚಿ ಹಚ್ಚಿ ಬಿಟ್ಟೆ. ಹುಳಿಗೆ ಸುಣ್ಣ ಮೆಲ್ಲಗೆ ಕರಗುತ್ತೆ. ಅಮ್ಮ ಹಿತ್ತಾಳೆ ಚೊಂಬು ಬೆಳಗ್ತಿದ್ದದ್ದೂ ಇದರಲ್ಲೇ.

ಅಷ್ಟು ಆಳದ ಬಂಡೆ ಸಂದಿಯಿಂದ ಎತ್ತಿದ ನೀರು, ಬಂಡೆಯನ್ನೂ ಒಂಚೂರು ಕರಗಿಸ್ಕೊಂಡೇ ಬರುತ್ತೆ. ಅಷ್ಟು ಆಳದಿಂದ ಬಂದ ನೀರನ್ನ ಹಲ್ಲುಜ್ಜುವಾಗ ಸುಮ್ಮನೆ ಹರಿಯೋಕೆ ಬಿಟ್ಟಿರೋರನ್ನ ಕಂಡ್ರೆ ನಂಗೆ ಸಂಕಟ ಆಗುತ್ತೆ ಕಣ್ರೀ.

ಹಾಂ, ಟ್ರ್ಯಾಪ್ ವಾಪಸ್ ಹಾಕುವಾಗ ವಾಶರ್ ಸರಿಯಾಗಿ ಕೂತಿದೆಯಾ ನೋಡ್ಕೊಳ್ಳಿ. ಟ್ರ್ಯಾಪ್‌ನಲ್ಲಿ ನಿಂತಿರೋ ನೀರೇ ಮೋರಿ ವಾಸನೆ ಮೇಲೆ ಬರದ ಹಾಗೆ ತಡೆಯೋದು.