ತೂತಿಲ್ಲದ ಹೆಡ್

ನನ್ನ 1974ರ ಶೆವ್ರೊಲೆ 350 ಎಂಜಿನ್‌ಗೆ ಹಳೇ ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ ಮುಚ್ಚಳ) ಜೋಡಿ ತಂದೆ. ತುದಿಯಲ್ಲಿ ಒಂಟೆ ಡುಬ್ಬದಂಥ ಎರಡು ಉಬ್ಬು, ಅರವತ್ತರ ದಶಕದ ಹೆಡ್‌ನ ಗುರುತು. ಅಷ್ಟು ನೋಡಿ ಸುಮ್ನೆ ಖುಷಿಪಟ್ಟೆ, ಪೆದ್ದ ನಾನು.

ವಾಲ್ವ್ ಕವರ್ ಬಿಚ್ಚಿ, ಜಿಡ್ಡನ್ನು ವೈರ್ ಬ್ರಷ್‌ನಿಂದ ಉಜ್ಜಿದಾಗ ಎರಕದ ನಂಬರ್ ಕಂಡಿತು: 3890462. ಅರವತ್ತರ ದಶಕದ್ದೇ, ಸುಳ್ಳಲ್ಲ. ಆದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಬ್ರಾಕೆಟ್ ಕೂರಿಸಲು ತುದಿಯಲ್ಲಿ ತೂತೇ ಇಲ್ಲ! ಆ ತೂತುಗಳು ಬಂದಿದ್ದು 1969ರಿಂದ.

ಹೆಡ್‌ನಲ್ಲಿ ಇಂಧನ ಉರಿಯುವ ಗುಂಡಿ, ಅಂದ್ರೆ ಚೇಂಬರ್ ಮೇಲೆ ಅಕ್ರಿಲಿಕ್ ಹಾಳೆ ಒತ್ತಿ, ಸಿರಿಂಜ್‌ನಲ್ಲಿ ಬಣ್ಣದ ನೀರು ತುಂಬಿಸಿದೆ. ಸುಮಾರು 64 ಸಿಸಿ ಹಿಡಿಯಿತು. ಎಂಜಿನ್‌ನಿಂದ ಬಿಚ್ಚಿಟ್ಟ ಹೆಡ್‌ನಲ್ಲಿ 76. ಚೇಂಬರ್ ಚಿಕ್ಕದಾದರೆ ಕಂಪ್ರೆಷನ್ (ಇಂಧನ-ಗಾಳಿ ಮಿಶ್ರಣ ಒತ್ತಿಕೊಳ್ಳುವುದು) ಜಾಸ್ತಿ, ಅಲ್ವಾ? ಅದಕ್ಕೇ ವಾಪಸ್ ಕೊಡಲಿಲ್ಲ. ಬ್ರಾಕೆಟ್ಟನ್ನೇ ಬದಲಿಸುತ್ತಿದ್ದೇನೆ.